ಪದವಿನಲ್ಲಿ ಕವುಚಿ ಮಲಗಿ ನೋಡಿದ್ದು

ಸೈಂಟ್ ಮೇರೀಸ್ ದ್ವೀಪದ ಕಂಬಕಲ್ಲು ಚಂದವೇ, 8.8 ಕೋಟಿ ವರ್ಷ ಹಳೇದು ಅಂತಾರೆ, ಆದ್ರೆ ಅಲ್ಲಿ ಕಲ್ಲಿಗಿಂತ ಸೆಲ್ಫಿ ತೆಗೆಯುವವರೇ ಜಾಸ್ತಿ, ಮಳೆಗಾಲದಲ್ಲಿ ಬೋಟೂ ಇಲ್ಲ. ಹಾಗೆ ಸೆಪ್ಟೆಂಬರಲ್ಲಿ ಬೆಂಗಳೂರಿಂದ ಬಂದ ಭಾವನನ್ನು ಕರ್ಕೊಂಡು ಮಂಗಳೂರು ಹತ್ರದ ಮುಡಿಪು ಕಡೆಯ ಪದವಿಗೆ ಹೋದದ್ದು, ಪದವು ಅಂದ್ರೆ ಕೆಂಪುಕಲ್ಲಿನ ಬಯಲುಗುಡ್ಡೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಂದ ಬಸ್ಸು, ಮತ್ತೆ ನಡಿಗೆ, ದಾರಿ ಬಗ್ಗೆ ಹೇಳ್ಲಿಕ್ಕೆ ಎಂತದೂ ಇಲ್ಲ.

ಒಂದು ಮಾತ್ರ ಹೇಳ್ತೇನೆ, ಪಾದೆಯಲ್ಲಿ, ಅಂದ್ರೆ ಬಂಡೆಯ ಮೇಲೆ, ಕಪ್ಪಗೆ ಕಾಣುವಲ್ಲಿ ಮೆಟ್ಬೇಡಿ, ಅದು ಪಾಚಿ, ಹುಲ್ಲಿರುವಲ್ಲೇ ಕಾಲಿಡಿ. ಎಂಥ ಮಳೆಗೂ ಜಾರುದಿಲ್ಲ ಅಂತ ಅಂಗಡಿಯವ ಗ್ಯಾರಂಟಿ ಕೊಟ್ಟ ಶೂ ಹಾಕಿಯೇ ನಾನು ಬಿದ್ದದ್ದು, ಮೊಣಕೈ ಇನ್ನೂ ಉರಿ. ಭಾವ ಹವಾಯಿ ಚಪ್ಪಲಿಯಲ್ಲಿ ಆರಾಮ ನಡೆದ್ರು!

ಬಿದ್ದಲ್ಲೇ ಮೂಗಿನೆದುರು ಬೆರಳುದ್ದದ ಕೆಂಪು ಗಿಡ. ಸಪೂರ ಎಲೆ, ಎಲೆ ತುಂಬ ಕೂದಲು, ಪ್ರತೀ ಕೂದಲ ತುದಿಯಲ್ಲಿ ಒಂದು ಹನಿ. ಇಬ್ಬನಿ ಆಗಿದ್ರೆ ಆ ಬಿಸಿಲಿಗೆ ಯಾವಾಗ್ಲೋ ಆರ್ತಿತ್ತು, ಇದು ಅಂಟು. ಡ್ರೊಸೆರಾ, ಹುಳ ಹಿಡಿದು ತಿನ್ನುವ ಗಿಡ! ಒಂದು ನುಸಿ ಬಂದು ಕೂತಿತು, ಒಂದು ಕಾಲು ಎತ್ತಿದ್ರೆ ಇನ್ನೆರಡು ಅಂಟ್ತದೆ, ರೆಕ್ಕೆ ಬಡಿದಷ್ಟೂ ಅಂಟು ಎಳೆ ಎಳೆಯಾಗಿ ಬರ್ತದೆ, ಆಚೀಚೆಯ ಕೂದಲೂ ಮೆಲ್ಲ ಅದರ ಮೇಲೆ ಬಗ್ಗಿದ್ವು. ಮುರಕಲ್ಲಿನ, ಅಂದ್ರೆ ಈ ಕೆಂಪುಕಲ್ಲಿನ, ಸತ್ವ ಎಲ್ಲ ಮಳೆಗೆ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದದ್ದು, ಗಿಡಕ್ಕೆ ಬೇಕಾದ ನೈಟ್ರೋಜನ್ ಸಾಕಾಗುದಿಲ್ಲ, ಅದಕ್ಕೇ ಹುಳ ತಿನ್ನುದು. ಪಕ್ಕದ ಒದ್ದೆ ಮಣ್ಣಲ್ಲಿ ನೀಲಿ ಹೂವಿನ ಯುಟ್ರಿಕ್ಯುಲೇರಿಯಾ, ನೋಡ್ಲಿಕ್ಕೆ ಪಾಪ, ಮಣ್ಣೊಳಗೆ ಸಣ್ಣ ಸಣ್ಣ ಚೀಲ ಇಟ್ಕೊಂಡು ಹತ್ರ ಬಂದ ಜೀವಿಯನ್ನು ರೆಪ್ಪೆ ಬಡಿಯುದರೊಳಗೆ ಎಳ್ಕೊಳ್ತದೆ. ದೀಪಾವಳಿ ಆಗುವಾಗ ಇದೆಲ್ಲ ಒಣಗಿರ್ತದೆ, ಹೋಗುದಾದ್ರೆ ಚೌತಿ ಆದ ಕೂಡ್ಲೆ ಹೋಗಿ.

ಎಷ್ಟು ಹೊತ್ತು ಕವುಚಿ ಮಲಗಿದ್ದೆನೋ, ದನ ಅಟ್ಟಿಕೊಂಡು ಬಂದ ಅಜ್ಜಿಯೊಬ್ರು ತುಳುವಲ್ಲಿ ಕೇಳಿದ್ರು, "ಎಂತ ಮಗಾ, ಚಿನ್ನ ಬಿದ್ದುಹೋಯ್ತಾ?"

"ಇಲ್ಲ ಅಜ್ಜಿ, ಈ ಗಿಡ ನುಸಿ ತಿಂತದೆ."

ಸೊಂಟ ಹಿಡ್ಕೊಂಡು ಬಗ್ಗಿ ನೋಡಿದ್ರು. "ಇಷ್ಟು ವರ್ಷ ಮೆಟ್ಟಿಕೊಂಡೇ ಹೋದದ್ದಲ್ಲ ನಾನು! ನಮ್ಮ ಹಟ್ಟಿಯ ನುಸಿಯನ್ನೆಲ್ಲ ತಿಂತದಾ?"

"ಅಂಟಿದ್ದನ್ನು ಮಾತ್ರ."

"ಹಾಗಾದ್ರೆ ಎಂತ ಪ್ರಯೋಜನ!" ಅಂತ ನಕ್ಕು, ಆಚೆ ಕೈ ತೋರ್ಸಿದ್ರು. ಕೆಂಪುಕಲ್ಲಿನ ಕೋರೆ, ಆಳಕ್ಕೆ ನೀರು ನಿಂತಿತ್ತು. "ಅಲ್ಲಿಯೂ ಈ ನೀಲಿ ಹೂ ಆಗ್ತಿತ್ತು, ಹುಲ್ಲೇ ಕಾಣದಷ್ಟು. ಕಲ್ಲು ಕಡಿದ್ರಲ್ಲ."

ನನಗೆ ಸಿಟ್ಟು ಬಂತು. "ಈ ಕೋರೆಯವರು ಏನೂ ಉಳ್ಸುದಿಲ್ಲ ಅಜ್ಜಿ" ಅಂದೆ.

"ನಮ್ಮ ಮನೆ ಕಟ್ಟಿದ್ದೂ ಅದೇ ಕಲ್ಲಿನಲ್ಲಿ ಮಗಾ, ನಿಮ್ಮದು?"

ನಮ್ಮದೂ ಕೆಂಪುಕಲ್ಲಿನದ್ದೇ. ಭಾವ ಮಾತ್ರ "ನಮ್ದು ಸಿಮೆಂಟ್ ಬ್ಲಾಕು" ಅಂದ್ರು.