ಎಷ್ಟು ಗೋಲು ಹೊಡೆದಿದ್ದೀಯ?

ಎರಡು.

ಹೌದು, ಎರಡೇ. ಒಂಬತ್ತು ವರ್ಷ ಭಾರತ ತಂಡಕ್ಕೆ ಹಾಕಿ ಆಡಿ ಎರಡು ಗೋಲು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಇಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿ ನನ್ನ ಪಾಡಿಗೆ ನಾನಿರುತ್ತೇನೆ.

ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟಿಲ್ಲ. ಉತ್ತರ ಕೇಳಿದ ಮೇಲೆ ಬರುತ್ತದಲ್ಲ, "ಬರೀ ಎರಡಾ?" ಅಂತ, ಆ 'ಬರೀ' ಮೇಲೆ ಸಿಟ್ಟು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಮತ್ತೆ ಅಲ್ಲಿ ಏನ್ ಮಾಡ್ತಿದ್ದೆ?"

ಒಮ್ಮೆ ಒಂದು ಶಾಲೆಯ ಕ್ರೀಡಾ ದಿನಕ್ಕೆ ಮುಖ್ಯ ಅತಿಥಿಯಾಗಿ ಕರೆದಿದ್ದರು. ಶಾಲು, ಹಾರ ಎಲ್ಲ ಆಯ್ತು. ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಮೈಕ್ ತಂದು ನನ್ನ ಮೂಗಿಗೆ ಹಿಡಿದು, "ಮಕ್ಕಳಿಗೆ ಸ್ಫೂರ್ತಿ ಆಗಲಿ ಸಾರ್, ಒಟ್ಟು ಎಷ್ಟು ಗೋಲು?" ಅಂದರು. ಎರಡು ಅಂದೆ. ಮೇಷ್ಟ್ರು ಒಂದು ಗಳಿಗೆ ಮೈಕನ್ನೇ ನೋಡಿದರು, ಅದು ಕೆಟ್ಟಿರಬೇಕು ಅನ್ನೋ ಹಾಗೆ. ಆಮೇಲೆ ಮಕ್ಕಳ ಕಡೆ ತಿರುಗಿ, "ಇನ್ನೂರು! ಜೋರಾಗಿ ಚಪ್ಪಾಳೆ!" ಅಂದರು. ಚಪ್ಪಾಳೆ ಬಿತ್ತು. ನಾನೂ ತಿದ್ದಲಿಲ್ಲ. ಆ ಶಾಲೆಯ ಲೆಕ್ಕದಲ್ಲಿ ಇವತ್ತಿಗೂ ನನ್ನದು ಇನ್ನೂರು.

ಅಲ್ಲಿ ಏನ್ ಮಾಡ್ತಿದ್ದೆ ಅಂದರೆ, ಓಡುತ್ತಿದ್ದೆ. ಎದುರು ತಂಡಕ್ಕೆ ಪೆನಾಲ್ಟಿ ಕಾರ್ನರ್, ಅಂದರೆ ನಮ್ಮ ಗೋಲಿನ ಹತ್ತಿರ ನಾವು ಮಾಡಿದ ತಪ್ಪಿಗೆ ಗೋಲಿಗೆ ಹೊಡೆಯುವ ಅವಕಾಶ, ಸಿಕ್ಕಾಗ ಗೋಲ್‌ಕೀಪರ್ ಸೇರಿ ನಾವು ಐದು ಜನ ಗೋಲಿನ ಗೆರೆ ಹಿಂದೆ ನಿಲ್ಲುತ್ತೇವೆ, ಉಳಿದವರು ಅರ್ಧ ಮೈದಾನದ ಆಚೆ. ಆ ಐದರಲ್ಲಿ ಒಬ್ಬ ಚೆಂಡು ಹೊಡೆಯುವವನ ಕಡೆಗೇ ನುಗ್ಗಬೇಕು. ಅವನು ಫಸ್ಟ್ ರಷರ್. ಅದು ನಾನು.

ಸರಿ, ಇದನ್ನು ಯಾರಾದರೂ ಕೇಳಬಾರದಾ: "ಓಡುವಾಗ ಯಾವ ಕಡೆ ಓಡ್ತೀಯ?" ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ತಯಾರಾಗಲು 40 ಸೆಕೆಂಡ್ ಇರುತ್ತದೆ. ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್, ಕೈಗೆ ಗ್ಲೌಸ್. ಮಾಸ್ಕ್‌ಗಳು ಗೋಲಿನ ಬಲೆಯೊಳಗೆ ಬಿದ್ದಿರುತ್ತವೆ, ಅವಸರದಲ್ಲಿ ಯಾರದ್ದೋ ಮಾಸ್ಕ್ ಯಾರ ಕೈಗೋ ಬರುತ್ತದೆ, ಒಳಗೆ ಇನ್ನೊಬ್ಬನ ಬೆವರಿನ ವಾಸನೆ. ಅಷ್ಟರಲ್ಲಿ ಕೀಪರ್ ಒಂದೇ ಮಾತು ಹೇಳುತ್ತಾನೆ: ಈ ಬದಿ ನಿಂದು, ಆ ಬದಿ ನಂದು. ನಾನು ನನ್ನ ಬದಿಯ ದಾರಿ ಮುಚ್ಚಿಕೊಂಡು ಓಡಬೇಕು, ಆಸೆಪಟ್ಟು ಅವನ ಬದಿಗೆ ವಾಲಿದರೆ ಇಬ್ಬರೂ ಕೆಟ್ಟೆವು. ಗೋಲ್ ಕಂಬದಿಂದ 10 ಮೀಟರ್ ದೂರದಲ್ಲಿ ಗೆರೆ ಮೇಲಿರುವ ಅವರ ಆಟಗಾರ ಹೊಡೆಯುವವನ ಕಡೆಗೆ ಚೆಂಡು ತಳ್ಳುವ ತನಕ ಕದಲುವ ಹಾಗಿಲ್ಲ. ಮುಂಚೆಯೇ ಕಾಲಿಟ್ಟರೆ ಅರ್ಧ ಮೈದಾನದಾಚೆಗೆ ಕಳಿಸುತ್ತಾರೆ, ಬದಲಿಗೆ ಯಾರೂ ಬರುವಂತಿಲ್ಲ. ಸರಿಯಾದ ಹೊತ್ತಿಗೆ ಹೊರಟರೂ ಎದುರಿಂದ ಬರೋದು ಡ್ರ್ಯಾಗ್ ಫ್ಲಿಕ್, ಚೆಂಡನ್ನು ಸ್ಟಿಕ್‌ನಲ್ಲಿ ಎಳೆದು ಬೀಸಿ ಎಸೆಯೋ ಹೊಡೆತ. ಕಲ್ಲಿನಂಥ ಚೆಂಡು, ತೂಕ 156ರಿಂದ 163 ಗ್ರಾಂ, ವೇಗ ಗಂಟೆಗೆ 100 ಕಿಲೋಮೀಟರ್ ದಾಟುವುದೂ ಉಂಟು.

ಇದರಲ್ಲೊಂದು ತಮಾಷೆಯ ನಿಯಮ ಇದೆ. ಹೊಡೆಯುವವನಿಂದ 5 ಮೀಟರ್ ಒಳಗಿದ್ದು, ಚೆಂಡು ನನ್ನ ಮೊಣಕಾಲಿನ ಕೆಳಗೆ ಬಿದ್ದರೆ ಅವರಿಗೆ ಇನ್ನೊಂದು ಪೆನಾಲ್ಟಿ ಕಾರ್ನರ್. ಮೊಣಕಾಲಿಗೋ ಅದರ ಮೇಲಕ್ಕೋ ಬಿದ್ದರೆ ಅಪಾಯದ ಹೊಡೆತ ಅಂತ ನಮಗೆ ಫ್ರೀ ಹಿಟ್. ಕಣಕಾಲಿಗೆ ಬಿದ್ದರೆ ನೋವೂ ನನಗೇ, ತಪ್ಪೂ ನನ್ನದೇ. ತೊಡೆಗೆ ಬಿದ್ದ ದಿನ ನಮ್ಮ ಹುಡುಗರು ಬಂದು ಬೆನ್ನು ತಟ್ಟುತ್ತಿದ್ದರು, ನನಗೆ ನಿಲ್ಲೋಕೇ ಆಗ್ತಿರಲಿಲ್ಲ.

1952ರ ಹೆಲ್ಸಿಂಕಿ ಒಲಿಂಪಿಕ್ಸ್ ಫೈನಲ್‌ನಲ್ಲಿ ನಾವು ನೆದರ್‌ಲೆಂಡ್ಸ್ ಎದುರು 6-1ರಲ್ಲಿ ಗೆದ್ದೆವು, ಅದರಲ್ಲಿ 5 ಬಲ್ಬೀರ್ ಸಿಂಗ್ ಅವರದು. ಇದು ಹಾಕಿ ಬಲ್ಲವರಿಗೆ ಬಾಯಿಪಾಠ. ಅವತ್ತು ಎದುರಾಳಿಯನ್ನು ಒಂದಕ್ಕೇ ನಿಲ್ಲಿಸಿದವರು ಯಾರ್ಯಾರು ಅಂತ ಕೇಳಿ ನೋಡಿ. ನನ್ನನ್ನು ಕೇಳಬೇಡಿ, ನಾನೂ ತಡವರಿಸುತ್ತೇನೆ.

2024ರ ಪ್ಯಾರಿಸ್‌ನಲ್ಲಿ ಮಾತ್ರ ನಮ್ಮ ಕೆಲಸ ಒಂದೆರಡು ದಿನ ಜನರ ಕಣ್ಣಿಗೆ ಬಿತ್ತು. ಕ್ವಾರ್ಟರ್‌ಫೈನಲ್‌ನಲ್ಲಿ ಗ್ರೇಟ್ ಬ್ರಿಟನ್ ಎದುರು 17ನೇ ನಿಮಿಷಕ್ಕೇ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ನಮ್ಮ ಫಸ್ಟ್ ರಷರ್ ಅವರೇ. ನನ್ನ ಜೊತೆ ಟಿವಿ ನೋಡುತ್ತಿದ್ದವರೆಲ್ಲ "ಅಯ್ಯೋ, ಹತ್ತೇ ಜನ!" ಅಂತ ಕೂಗಿದರೆ ನಾನು, "ಈಗ ಓಡೋರು ಯಾರು?" ಅಂದೆ. ಎಲ್ಲರೂ ನನ್ನನ್ನೇ ವಿಚಿತ್ರವಾಗಿ ನೋಡಿದರು. ಶೂಟೌಟ್‌ನಲ್ಲಿ ಗೆದ್ದೆವು ಅನ್ನಿ. ಆದರೆ ರೋಹಿದಾಸ್ ಇಲ್ಲದ ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು 2-3ರಲ್ಲಿ ಸೋತೆವು, ಆ ಮೂರರಲ್ಲಿ ಒಂದು ಪೆನಾಲ್ಟಿ ಕಾರ್ನರ್‌ನಿಂದ ಬಂದಿದ್ದು. ಅವರಿದ್ದಿದ್ದರೆ ತಡೀತಿದ್ದರು ಅಂತ ಹೇಳೋಕಾಗಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಎಷ್ಟು ತಡೆದೆ? ಎಣಿಸಿಲ್ಲ. ತೊಡೆ ಮೇಲಿನ ನೀಲಿ ಗುರುತು ಎಣಿಸಬಹುದಿತ್ತು, ಅವೂ ಮಾಸಿವೆ.

ಅಂದಹಾಗೆ, ಆ ಎರಡು ಗೋಲುಗಳಲ್ಲಿ ಒಂದು, ನಾನು ಡಿ (ಗೋಲಿನ ಮುಂದಿನ ಅರ್ಧವೃತ್ತ) ಒಳಗಿಂದ ಸುಮ್ನೆ ತಳ್ಳಿದ ಚೆಂಡು ಅವರ ಡಿಫೆಂಡರ್‌ನ ಸ್ಟಿಕ್‌ಗೆ ತಾಗಿ ದಿಕ್ಕು ತಪ್ಪಿ ಒಳಗೆ ಹೋಗಿದ್ದು. ಪಟ್ಟಿಯಲ್ಲಿ ನನ್ನ ಹೆಸರೇ ಇದೆ. ವಾಪಸ್ ಕೊಡಲ್ಲ.