ಗ್ವಾವ್‌ನಲ್ಲಿ ಆಯಿ ಕಂಡ ಜಾಯಿಕಾಯಿ

ಹಡಗಿನಲ್ಲಿ ಏಳು ದಿನ ಇದ್ದೆವು. ಅದರಲ್ಲಿ ಆರು ದಿನದ ಬಗ್ಗೆ ಬರೆಯುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಊಟ ಚೆನ್ನಾಗಿತ್ತು, ಬಾರ್ಬಡೋಸ್‌ನಲ್ಲಿ ಮಳೆ ಬಂತು, ಸೇಂಟ್ ಲೂಸಿಯಾದ ಎರಡು ಚೂಪು ಬೆಟ್ಟಗಳ ಮುಂದೆ ಎಲ್ಲರ ಹಾಗೆ ನಾವೂ ಫೋಟೊ ತೆಗೆಸಿಕೊಂಡೆವು. ನಾನು ಹೇಳಹೊರಟಿದ್ದು ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪದೇಶ ಗ್ರೆನಡಾದ ಒಂದು ದಿನದ ಕಥೆ. ಅದರಲ್ಲೂ ಒಂದು ಹಳೇ ಕಟ್ಟಡದೊಳಗೆ ಕಳೆದ ಒಂದೂವರೆ ಗಂಟೆಯ ಕಥೆ.

2019ರ ಡಿಸೆಂಬರ್. ಆಯಿ, ಅಂದರೆ ನನ್ನ ಅಮ್ಮ, ಶಿರಸಿಯಿಂದ ಅಮೆರಿಕದ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದು ಎರಡು ತಿಂಗಳಾಗಿತ್ತು. ಚಳಿಗೆ ಹೊರಗೆ ಕಾಲಿಡುವ ಹಾಗಿಲ್ಲ, ಮಾತಾಡಲು ಅಕ್ಕಪಕ್ಕ ಯಾರಿಲ್ಲ. ಎಪ್ಪತ್ತು ವರ್ಷ ತೋಟದಲ್ಲಿ ಓಡಾಡಿದ ಜೀವ ಕಿಟಕಿ ಪಕ್ಕ ಕೂತು ಕೂತು ಸಣ್ಣಗಾಗಿತ್ತು. ಅದಕ್ಕೇ ಕ್ರೂಸ್ ಹೊರಟಿದ್ದು. ನಾನು, ನನ್ನ ಗಂಡ, ಹದಿನಾಲ್ಕು ವರ್ಷದ ಮಗ ಮತ್ತು ಆಯಿ ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ ಹಡಗು ಹತ್ತಿದೆವು.

ಬೆಳಿಗ್ಗೆ ಎಂಟಕ್ಕೆ ಹಡಗು ಗ್ರೆನಡಾದ ರಾಜಧಾನಿ ಸೇಂಟ್ ಜಾರ್ಜಸ್ ಬಂದರಿಗೆ ಬಂತು. ಕೆಂಪು ಹೆಂಚಿನ ಮನೆಗಳು ಗುಡ್ಡದ ಮೇಲೆ ಒಂದರ ಮೇಲೊಂದು ಕೂತಿವೆ. ಹೆಂಚು ನೋಡಿಯೇ ಆಯಿಯ ಮುಖ ಅರಳಿತು. ಆದರೆ ಗೇಟಿನಲ್ಲೇ ನಮಗೆ ತಡೆ ಬಿತ್ತು. ಮಗ ಸೈನಿಕರ ಬಟ್ಟೆಯಂಥ ಹಸಿರು-ಕಂದು ಮಚ್ಚೆಯ ಚಡ್ಡಿ ಹಾಕಿದ್ದ. ಗ್ರೆನಡಾದಲ್ಲಿ ಸೈನ್ಯಕ್ಕೆ ಸೇರದವರು ಆ ಥರದ ಬಟ್ಟೆ ಹಾಕುವುದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ವಿನಾಯಿತಿ ಇಲ್ಲ. ಬಾರ್ಬಡೋಸ್, ಸೇಂಟ್ ಲೂಸಿಯಾ, ಜಮೈಕಾದಲ್ಲೂ ಇದೇ ಕಾನೂನಿದೆಯಂತೆ. ಗೇಟಿನಲ್ಲಿದ್ದ ಹೆಂಗಸು ತುಂಬ ಮರ್ಯಾದೆಯಿಂದಲೇ ಹೇಳಿದರು, ಆದರೆ ಬಿಡಲಿಲ್ಲ. ಮಗ ವಾಪಸ್ ಹೋಗಿ, ಮತ್ತೆ ಸಾಲಿನಲ್ಲಿ ನಿಂತು, ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಐವತ್ತು ನಿಮಿಷ ಹೋಯಿತು. ಹಿಂದಿನ ರಾತ್ರಿ ಹಡಗಿನಲ್ಲಿ ನಾಳೆಯ ಊರಿನ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿ, ಯಾವ ಅಂಗಡಿಯಲ್ಲಿ ವಜ್ರ ಸಿಗುತ್ತದೆ ಅಂತ ಮೂರು ಸಲ ಹೇಳಿದವರು ಇದೊಂದು ಮಾತು ಹೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟಿದೆ. ಆ ಕಡೆ ಹೋಗುವವರು ದಯವಿಟ್ಟು ಸೂಟ್‌ಕೇಸ್ ಒಮ್ಮೆ ನೋಡಿಕೊಳ್ಳಿ. ಟೋಪಿ, ಬ್ಯಾಗು ಕೂಡ ಬೇಡ. ಇನ್ನೊಂದು ವಿಷಯ, ಅಲ್ಲಿ ಯಾರಾದರೂ "ಡಾಲರ್" ಅಂದರೆ ಯಾವ ಡಾಲರ್ ಅಂತ ಕೇಳಿ. ಅವರದು ಈಸ್ಟ್ ಕೆರಿಬಿಯನ್ ಡಾಲರ್, ಅಮೆರಿಕದ ಒಂದು ಡಾಲರಿಗೆ ಅವರ 2.70. ನಾವು ಕೇಳದೆ ನಾಲ್ಕು ಬಾಟಲಿ ನೀರಿಗೆ ಹೆಚ್ಚುಕಮ್ಮಿ ಮೂರು ಪಟ್ಟು ಕೊಟ್ಟೆವು.

ಹಡಗಿನವರ ಟೂರು ಬೇಡ ಅಂತ ಹೊರಗೆ ಬಂದು ಒಂದು ಟ್ಯಾಕ್ಸಿ ಮಾತಾಡಿದೆವು. ಗ್ರ್ಯಾಂಡ್ ಆನ್ಸ್ ಬೀಚಿಗೆ ಹೋಗೋಣ ಅಂತ ಮಗನ ಆಸೆ. ಆದರೆ ಗೇಟಿನ ಹತ್ತಿರ ಹಾರುತ್ತಿದ್ದ ಬಾವುಟವನ್ನು ಆಯಿ ನೋಡಿಬಿಟ್ಟಿದ್ದಳು. ಕೆಂಪು ಅಂಚು, ಹಳದಿ, ಹಸಿರು, ಎಡಗಡೆಯ ಹಸಿರು ತ್ರಿಕೋನದಲ್ಲಿ ಒಂದು ಸಣ್ಣ ಕಾಯಿ. "ಅದು ಎಂತದು, ಜಾಯಿಕಾಯಿ ಅಲ್ದನ?" ಅಂದಳು. ಹೌದು, ಜಾಯಿಕಾಯಿಯೇ. ಬಾಯಿ ಬಿಟ್ಟು, ಒಳಗಿನ ಕೆಂಪು ಜಾಯಿಪತ್ರೆ ಕಾಣುವ ಕಾಯಿ. 1974ರಲ್ಲಿ ಸ್ವತಂತ್ರರಾದಾಗ ಬಾವುಟದಲ್ಲಿ ಅದನ್ನೇ ಇಟ್ಟುಕೊಂಡ ದೇಶ ಅದು. ಡ್ರೈವರ್ ನಮ್ಮ ಮಾತು ಅರ್ಥವಾಗದಿದ್ದರೂ ಆಯಿಯ ಬೆರಳು ಹೋದ ಕಡೆ ನೋಡಿ, "ಹಾಗಾದರೆ ಅಮ್ಮನನ್ನು ನಾನು ಗ್ವಾವ್‌ಗೇ ಕರೆದುಕೊಂಡು ಹೋಗಬೇಕು" ಅಂದ. ಬರೆಯುವುದು ಗೊಯಾವೆ ಅನ್ನುವ ಹಾಗೆ, ಕರೆಯುವುದು ಗ್ವಾವ್. ಫ್ರೆಂಚರು ಪೇರಲೆಹಣ್ಣಿಗೆ ಹೇಳುವ ಹೆಸರು ಊರಿಗೆ ಉಳಿದುಕೊಂಡಿದೆ.

ಊರು ದಾಟುವಾಗ ಡ್ರೈವರ್ ಕೋಟೆ ತೋರಿಸಿದ. 1983ರ ಅಕ್ಟೋಬರ್ 19ರಂದು ಪ್ರಧಾನಿ ಮಾರಿಸ್ ಬಿಷಪ್ ಅವರನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದ ಜಾಗ. ಆರು ದಿನಕ್ಕೆ ಅಮೆರಿಕದ ಸೈನ್ಯ ಬಂದಿಳಿಯಿತು. ಆಗ ಅವನು ಎಂಟು ವರ್ಷದ ಹುಡುಗ, ಮಂಚದ ಕೆಳಗೆ ಮಲಗಿದ್ದನಂತೆ. ಅಷ್ಟು ಹೇಳಿ ಸುಮ್ಮನಾದ. ಮುಂದೆ ಸ್ಟೇಡಿಯಂ ಬಂದಾಗ ಮತ್ತೆ ಮಾತು ಶುರುವಾಯಿತು. ಒಂದು ಕ್ರಿಕೆಟಿನದು, ಪಕ್ಕದಲ್ಲಿ ಓಟದ್ದು. ಓಟದ ಸ್ಟೇಡಿಯಂಗೆ ಕಿರಾನಿ ಜೇಮ್ಸ್ ಹೆಸರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದ ಚಿನ್ನ ಗೆದ್ದವನು, ಗ್ರೆನಡಾಕ್ಕೆ ಬಂದ ಮೊದಲ ಒಲಿಂಪಿಕ್ ಪದಕ ಅದು, ಮತ್ತು ಹುಡುಗ ಇದೇ ಗ್ವಾವ್‌ನವನು. ಮಗ ಬೀಚಿನ ಬೇಜಾರು ಮರೆತು ಮುಂದಿನ ಸೀಟಿಗೆ ಬಗ್ಗಿದ.

ರಸ್ತೆ ಎಡಗಡೆ ಸಮುದ್ರ ಹಿಡಿದುಕೊಂಡು ಉತ್ತರಕ್ಕೆ ಹೋಗುತ್ತದೆ. ಬಲಗಡೆ ಕಡಿದಾದ ಗುಡ್ಡ. ತಿರುವು ಅಂದರೆ ದೇವಿಮನೆ ಘಟ್ಟದಂಥ ತಿರುವು. ಹಲಸಿನ ತಮ್ಮನಂಥ ದೀವಿಹಲಸು, ಬಾಳೆ, ಕೋಕೊ, ಅಲ್ಲಲ್ಲಿ ಮಾವು. ಆಯಿ ಪ್ರತಿಯೊಂದರ ಹೆಸರು ಹೇಳುತ್ತ ಬಂದಳು. ಎರಡು ತಿಂಗಳಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

ಗ್ವಾವ್ ಒಂದು ಮೀನುಗಾರರ ಊರು. ಬೀದಿಯ ಮಧ್ಯದಲ್ಲೇ ಜಾಯಿಕಾಯಿ ಸಂಸ್ಕರಣೆ ಮಾಡುವ ದೊಡ್ಡ ಹಳೇ ಕಟ್ಟಡ. ಬೆಳೆಗಾರರ ಸಹಕಾರ ಸಂಘದ್ದು, ಸಂಘ ಶುರುವಾಗಿದ್ದು 1947ರಲ್ಲಿ. ಸಣ್ಣ ಟಿಕೆಟು ತೆಗೆದುಕೊಂಡರೆ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಬಾಗಿಲು ದಾಟಿದ್ದೇ ತಡ, ಆಯಿ ನಿಂತುಬಿಟ್ಟಳು. ಕಣ್ಣು ಮುಚ್ಚಿ ಉಸಿರೆಳೆದುಕೊಂಡು, "ನಮ್ಮನೆ ಅಟ್ಟ" ಅಂದಳು. ನನಗೂ ಅದೇ ಅನಿಸಿತ್ತು. ಮರದ ನೆಲ, ಗೋಣಿಚೀಲ, ಒಣಗಿದ ಕಾಯಿ, ಸ್ವಲ್ಪ ಧೂಳು. ಅಡಿಕೆಯ ಒಗರು ವಾಸನೆ ಮಾತ್ರ ಇಲ್ಲ, ಉಳಿದದ್ದೆಲ್ಲ ಇದೆ.

ಅಲ್ಲಿ ಯಂತ್ರ ಕಡಿಮೆ, ಕೈಕೆಲಸ ಜಾಸ್ತಿ. ಬೆಳೆಗಾರರು ಕಾಯಿ ತಂದು ತೂಗಿಸುತ್ತಾರೆ. ಆವತ್ತು ಒಂದಷ್ಟು ಮುಂಗಡ, ಕಾಯಿ ಮಾರಿದ ಮೇಲೆ ಬೋನಸ್. ಇದು ಕೇಳಿ ಆಯಿ "ನಮ್ಮ ಸೊಸೈಟಿ ಲೆಕ್ಕವೇ" ಅಂದಳು. ಚಿಪ್ಪಿನ ಸಮೇತ ಕಾಯನ್ನು ಮರದ ತಟ್ಟೆಗಳಲ್ಲಿ ಹರವಿ ಆರರಿಂದ ಎಂಟು ವಾರ ಒಣಗಿಸುತ್ತಾರೆ. ಆಮೇಲೆ ಚಿಪ್ಪು ಒಡೆದು ಒಳಗಿನ ಬೀಜವನ್ನು ನೀರಿಗೆ ಹಾಕುತ್ತಾರೆ. ಮುಳುಗಿದ್ದು ಒಳ್ಳೆಯದು, ತೇಲಿದ್ದು ಎಣ್ಣೆ ತೆಗೆಯಲು. ಬಿತ್ತನೆ ಭತ್ತಕ್ಕೆ ನಾವು ಮಾಡುವ ಪರೀಕ್ಷೆಯೇ. ಪತ್ರೆಯನ್ನು ಬೇರೆ ಇಟ್ಟು ತಿಂಗಳುಗಟ್ಟಲೆ ಹದ ಮಾಡುತ್ತಾರೆ, ಆಗ ಕೆಂಪು ಹೋಗಿ ಹಳದಿಗೆ ತಿರುಗುತ್ತದೆ. ಒಡೆದ ಚಿಪ್ಪೂ ದಂಡವಲ್ಲ, ಮನೆಯ ಮುಂದಿನ ಕಾಲುದಾರಿಗೆ ಹಾಸುತ್ತಾರೆ. ಅದರ ಮೇಲೆ ನಡೆದರೆ ಕರಕರ ಅನ್ನುತ್ತದೆ.

ಮೇಲಿನ ಮಹಡಿಯಲ್ಲಿ ಹೆಂಗಸರು ಬೆಂಚಿನ ಮೇಲೆ ಕೂತು ಕಾಯಿ ಆರಿಸುತ್ತಿದ್ದರು. ಇಲ್ಲಿ ಆಯಿ ಗೈಡನ್ನು ಬಿಟ್ಟು ಸೀದಾ ಒಬ್ಬರ ಪಕ್ಕಕ್ಕೆ ಹೋದಳು. ಐವತ್ತು ದಾಟಿದ ಹೆಂಗಸು, ತಲೆಗೆ ಹಳದಿ ಬಟ್ಟೆ ಕಟ್ಟಿದ್ದರು. ಆಯಿ ಪಕ್ಕದ ತಟ್ಟೆಯಿಂದ ಚಿಪ್ಪಿರುವ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಒಣಗಿದ್ದರೆ ಬೀಜ ಒಳಗೆ ಲೊಡಲೊಡ ಅನ್ನಬೇಕು. ಶಬ್ದ ಸರಿಯಾಗಿ ಬರಲಿಲ್ಲ, ಆಯಿ ತಲೆ ಅಲ್ಲಾಡಿಸಿದಳು. ಆ ಹೆಂಗಸು ಕೆಲಸ ನಿಲ್ಲಿಸಿ ನೋಡಿದರು, ಕೈ ಚಾಚಿ ಅದೇ ಕಾಯಿ ಇಸಿದುಕೊಂಡು ತಮ್ಮ ಕಿವಿಗೆ ಹಿಡಿದು ಅಲುಗಿಸಿದರು, ಅವರೂ ತಲೆ ಅಲ್ಲಾಡಿಸಿ ವಾಪಸ್ ತಟ್ಟೆಗೆ ಹಾಕಿದರು. ಆಮೇಲೆ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರು. ಆಯಿ ಕೂತಳು.

ಅಲ್ಲಿಂದ ನಾನು ದುಭಾಷಿ. ಆಯಿ ಮೊದಲು ಕೇಳಿಸಿದ್ದು, "ಗಿಡ ಹೆಣ್ಣೋ ಗಂಡೋ ಹೆಂಗೆ ಗೊತ್ತಾಗ್ತು ಇವ್ಕೆ, ಕೇಳು." ಜಾಯಿಕಾಯಿ ಬೆಳೆದವರಿಗೆಲ್ಲ ಈ ತಾಪತ್ರಯ ಗೊತ್ತು. ಬೀಜದಿಂದ ಎಬ್ಬಿಸಿದ ಗಿಡಗಳಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡು. ಆರೇಳು ವರ್ಷ ನೀರು ಗೊಬ್ಬರ ಹಾಕಿ ಹೂ ಬಿಟ್ಟ ಮೇಲೇ ಗೊತ್ತಾಗುವುದು. ಗಂಡು ಮರ ಕಾಯಿ ಕೊಡುವುದಿಲ್ಲ. ನಮ್ಮ ಕಡೆ ಜಾಯಿಕಾಯಿಯ ದಾಯಾದಿಯಾದ ಕಾಡಿನ ರಾಮಪತ್ರೆ ಗಿಡಕ್ಕೆ ಹೆಣ್ಣು ಮರದ ಕಸಿ ಕಟ್ಟುತ್ತಾರೆ. ಆ ಹೆಂಗಸು ನಕ್ಕು, ಅವರ ಗುಡ್ಡದಲ್ಲೂ ಅದೇ ಗೋಳು, ಕಾದು ನೋಡಿ ಗಂಡು ಅಂತ ಗೊತ್ತಾದರೆ ಕಡಿಯುವುದು ಅಂದರು. ಹಾಗೆ ಗುಡ್ಡದ ಮಾತು ಬಂದು, ಇವಾನ್ ಮಾತು ಬಂತು.

2004ರ ಸೆಪ್ಟೆಂಬರ್ 7. ಇವಾನ್ ಚಂಡಮಾರುತ ಗ್ರೆನಡಾದ ಹತ್ತು ಜಾಯಿಕಾಯಿ ಮರಗಳಲ್ಲಿ ಸುಮಾರು ಒಂಬತ್ತನ್ನು ಕೆಡವಿತು. ಅಲ್ಲಿಯವರೆಗೆ ಇಂಡೋನೇಷ್ಯಾ ಬಿಟ್ಟರೆ ಜಾಯಿಕಾಯಿಗೆ ಈ ಪುಟ್ಟ ದ್ವೀಪದ್ದೇ ಹೆಸರು. ಈ ಹೆಂಗಸಿನ ಅಪ್ಪನಿಗೆ ಊರ ಹಿಂದಿನ ಗುಡ್ಡದಲ್ಲಿ ನೂರಕ್ಕಿಂತ ಹೆಚ್ಚು ಮರ ಇದ್ದವು. ಕೆಲವು 1955ರ ಜಾನೆಟ್ ಚಂಡಮಾರುತ ಆದ ಮೇಲೆ ಅಜ್ಜ ನೆಟ್ಟಿದ್ದು. ಬೆಳಿಗ್ಗೆ ಗಾಳಿ ನಿಂತ ಮೇಲೆ ಹೊರಗೆ ಬಂದು ನೋಡಿದರೆ ಗುಡ್ಡವೆಲ್ಲ ಬೋಳು, ಮನೆಯಿಂದ ಯಾವತ್ತೂ ಕಾಣದಿದ್ದ ಪಕ್ಕದ ಹಳ್ಳಿ ಕಾಣುತ್ತಿತ್ತಂತೆ. ಅಪ್ಪ ಎರಡು ವಾರ ಆ ಕಡೆ ಹೋಗಲಿಲ್ಲ. ಆಮೇಲೆ ಹೋಗಿ ಗಿಡ ನೆಟ್ಟರು. ಆಗ ಅವರಿಗೆ ಅರವತ್ತೆಂಟು. ಮೊದಲ ಹೂ ನೋಡಿದರು, ಕಾಯಿ ನೋಡಲಿಲ್ಲ.

ನಾನು ಒಂದೊಂದೇ ಮಾತು ಆಯಿಗೆ ಹೇಳುತ್ತ ಹೋದೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ನಮ್ಮ ಅಪ್ಪಯ್ಯ ಜಗಲಿಯಲ್ಲಿ ತೋಟದ ಕಡೆ ಬೆನ್ನು ಹಾಕಿ ಕೂತಿದ್ದು ನನಗೆ ನೆನಪಿದೆ. ಅದನ್ನೇ ಹೇಳಹೊರಟೆ. ಆಯಿ ತಡೆದಳು. "ಅದು ಬೇರೆ. ಕೊಳೆ ಬಂದರೆ ಆ ವರ್ಷದ ಫಸಲು ಹೋಗ್ತು, ಮರ ಉಳೀತು. ಇವರದ್ದು ಮರವೇ ಹೋತು." ಹಾಗಂದು ಆ ಹೆಂಗಸಿನ ಕೈ ಹಿಡಿದುಕೊಂಡಳು. ಇಬ್ಬರ ಬೆರಳಿನ ಉಗುರೂ ಒಂದೇ ಥರ, ಸಂದಿಯಲ್ಲಿ ಕಂದು ಬಣ್ಣ ಕೂತುಬಿಟ್ಟಿದೆ. ಆಯಿಯದ್ದು ಅಡಿಕೆ ಸುಲಿದದ್ದು, ಅವರದ್ದು ಇದು.

ಸ್ವಲ್ಪ ಹೊತ್ತಾದ ಮೇಲೆ ಅವರು ಕೇಳಿದರು, ನಿಮ್ಮ ಕಡೆ ಇದನ್ನು ಏನು ಮಾಡುತ್ತೀರಿ? ಅವರು ಗಂಜಿಗೆ, ಐಸ್‌ಕ್ರೀಮಿಗೆ, ರಮ್ ಪಂಚ್‌ಗೆ, ಎಲ್ಲದಕ್ಕೂ ತುರಿದು ಹಾಕುತ್ತಾರೆ. ಹೊರಗಿನ ಸಿಪ್ಪೆಯಲ್ಲಿ ಜಾಮ್ ಮಾಡುತ್ತಾರೆ. ಸಿಪ್ಪೆಗೆ ಉಪ್ಪಿನಕಾಯಿ ಅಂದಾಗ ಅವರಿಗೆ ಆಶ್ಚರ್ಯ. ಆಮೇಲೆ ಆಯಿ ಇಂಗ್ಲಿಷಿನ ಹಂಗಿಲ್ಲದೆ ಮಾಡಿಯೇ ತೋರಿಸಿದಳು. ಎಡಗೈ ಅಂಗೈಯೇ ತೇಯುವ ಕಲ್ಲು, ಅದರ ಮೇಲೆ ತಾಯಿಯ ಹಾಲು ಎರಡು ಹನಿ, ಜಾಯಿಕಾಯಿ ಹಿಡಿದು ಒಂದೇ ಒಂದು ಸುತ್ತು, ಜಾಸ್ತಿ ಅಲ್ಲ ಅಂತ ಬೆರಳು ಎತ್ತಿ ಎಚ್ಚರಿಕೆ, ಆಮೇಲೆ ಮಡಿಲಲ್ಲಿರುವ ಮಗುವಿನ ನಾಲಿಗೆಗೆ ಹಚ್ಚುವುದು, ಮಗು ನಿದ್ದೆ ಹೋಗುವುದು. ಸಾಲಿನಲ್ಲಿ ಕೂತ ಎಲ್ಲ ಹೆಂಗಸರೂ ಕೆಲಸ ಬಿಟ್ಟು ಆಯಿಯ ಖಾಲಿ ಮಡಿಲನ್ನೇ ನೋಡುತ್ತಿದ್ದರು. ಹಳದಿ ಬಟ್ಟೆಯವರು ಮುಂದಿದ್ದ ರಾಶಿಯಲ್ಲಿ ಹುಡುಕಿ ಹುಡುಕಿ ಒಂದು ದುಂಡನೆಯ ದೊಡ್ಡ ಜಾಯಿಕಾಯಿ ತೆಗೆದು ಆಯಿಯ ಅಂಗೈಯಲ್ಲಿಟ್ಟು ಮುಚ್ಚಿದರು. ದುಡ್ಡು ಕೊಡಲು ಹೋದೆ, ಮುಖ ತಿರುಗಿಸಿದರು. ಅವರ ಹೆಸರು ಕೇಳುವುದು ನನಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಒಂದು ಗೂಡಂಗಡಿಯಲ್ಲಿ ರೋಟಿ ತಿಂದೆವು. ಕಡಲೆಕಾಳು, ಆಲೂಗಡ್ಡೆ ಪಲ್ಯ ಸುತ್ತಿದ ದೊಡ್ಡ ರೋಟಿ. ರೋಟಿ ಅಲ್ಲಿಗೆ ಬಂದದ್ದು ಭಾರತದ ಕೂಲಿಯವರಿಂದ. 1857ರ ಮೇ 1ರಂದು ಮೇಡ್‌ಸ್ಟೋನ್ ಅನ್ನುವ ಹಡಗಿನಲ್ಲಿ ಮೊದಲ ತಂಡ ಬಂದಿಳಿಯಿತು. ಸಸ್ಯಾಹಾರಿಗಳಿಗೆ ಅಲ್ಲಿ ಇದಕ್ಕಿಂತ ಒಳ್ಳೆಯ ಊಟ ಇಲ್ಲ, ನಮ್ಮ ಹಡಗಿನ ಊಟವೂ ಇದರ ಮುಂದೆ ಸಪ್ಪೆ. ಕಲಾಲೂ ಸೊಪ್ಪಿನ ಸೂಪ್ ನೋಡಿ ಆಸೆಪಡಬೇಡಿ, ಏಡಿಯೋ ಉಪ್ಪುಮಾಂಸವೋ ಇರುತ್ತದೆ, ಕೇಳಿಯೇ ತೆಗೆದುಕೊಳ್ಳಿ. ಗ್ರ್ಯಾಂಡ್ ಆನ್ಸ್‌ನಲ್ಲಿ ಮಗ ಮುಕ್ಕಾಲು ಗಂಟೆ ಈಜಿದ. ಚೆಂದದ ಬೀಚು. ಆದರೆ ಅಷ್ಟು ದೂರ ಹೋಗಿ ಮರಳಿನ ಮೇಲೆ ಇಡೀ ದಿನ ಕಳೆಯುವವರ ಬಗ್ಗೆ ನನಗೆ ನಿಜವಾಗಿ ಬೇಸರವಾಗುತ್ತದೆ.

ಆಮೇಲಿನ ವರ್ಷಗಳಲ್ಲಿ ಆಯಿ ಮತ್ತೆ ಅಮೆರಿಕಕ್ಕೆ ಬರಲಿಲ್ಲ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗ್ರೆನಡಾದ ಪಕ್ಕದ, ಅದೇ ದೇಶಕ್ಕೆ ಸೇರಿದ ಕ್ಯಾರಿಯಾಕೂ ದ್ವೀಪವನ್ನು ನೆಲಸಮ ಮಾಡಿತು, ಗ್ರೆನಡಾದ ಉತ್ತರ ಭಾಗದಲ್ಲೂ ಹಾನಿಯಾಯಿತು. ಮಾರನೇ ದಿನ ನಾನು ಫೋನ್ ಮಾಡುವ ಮೊದಲೇ ಆಯಿಯ ಫೋನ್ ಬಂತು.

"ಅವಳ ಗುಡ್ಡ ಯಾವ ದಿಕ್ಕಿಗೆ ಬತ್ತು?"

ಗ್ವಾವ್ ಪಶ್ಚಿಮಕ್ಕೆ ಆಯಿ, ಅಂದೆ. ಮರಗಳಿಗೆ ಏನಾಯಿತೋ ನನಗೆ ಗೊತ್ತಿಲ್ಲ, ಕೇಳಲು ಹೆಸರೂ ಇಲ್ಲ ನಂಬರೂ ಇಲ್ಲ.

ಆ ಜಾಯಿಕಾಯಿ ಈಗ ಶಿರಸಿಯಲ್ಲಿದೆ, ತೇಯುವ ಕಲ್ಲಿನ ಜೊತೆ ಹಿತ್ತಾಳೆ ಡಬ್ಬಿಯಲ್ಲಿ. ಆಯಿಯ ತಮ್ಮನ ಮೊಮ್ಮಗಳಿಗೆ ಹೋದ ಮಳೆಗಾಲದಲ್ಲಿ ಅದನ್ನೇ ತೇದಿದ್ದು. ಒಂದು ಬದಿ ಸ್ವಲ್ಪ ಚಪ್ಪಟೆಯಾಗಿದೆ, ಅಷ್ಟೇ.