ಕಿಲ್ಲಿನ್‌ನಲ್ಲಿ ಎಳ್ಳು ಬೀರಿದ್ದು

"ಇವತ್ತು ಸೂರ್ಯನ ಹಬ್ಬ ಎಂದೆಯಲ್ಲ ಅಮ್ಮಾ, ಅವನೇ ಇನ್ನೂ ಎದ್ದಿಲ್ಲ!" ಮಗಳು ಕಿಟಕಿಯ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಗಂಟೆ ಎಂಟು. ಜನವರಿಯ ಕಿಲ್ಲಿನ್‌ನಲ್ಲಿ ಅವನು ಏಳುವುದು ಎಂಟೂವರೆಯ ಮೇಲೆ. ನಾಲ್ಕು ದಾಟುತ್ತಿದ್ದಂತೆ ನಾಪತ್ತೆ. ಉತ್ತರಾಯಣಕ್ಕೆ ಇಷ್ಟೇಕೆ ಸಂಭ್ರಮ ಎಂಬುದು ಸ್ಕಾಟ್ಲೆಂಡಿಗೆ ಬಂದ ಮೇಲೆಯೇ ನನಗೆ ತಿಳಿದದ್ದು.

ಎಳ್ಳು, ಬೆಲ್ಲ, ಹುರಿಗಡಲೆ ಗ್ಲಾಸ್ಗೋದಿಂದ ಬಂದಿದ್ದವು. ಕೊಬ್ಬರಿ ಹೆಚ್ಚಿ ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು. ಕಬ್ಬಿಲ್ಲ, ಬಿಡಿ, ಮಂಡ್ಯದವಳು ಹೀಗೆನ್ನಲು ನಾಚಬೇಕು. ಆದರೆ ಸಕ್ಕರೆ ಅಚ್ಚಿಲ್ಲದೆ ಎಳ್ಳು ಬೀರುವುದು ಹೇಗೆ?

ಹಿಂದಿನ ದಿನ ಪಕ್ಕದ ಮನೆಯ ಅಜ್ಜಿಯ ಹತ್ತಿರ ಇದನ್ನೇ ಗೊಣಗಿದ್ದೆ. ಬೀರುವುದೆಂದರೇನು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ; ಹೊಸ ವರ್ಷದ ನಡುರಾತ್ರಿ ಕಲ್ಲಿದ್ದಲು, ಶಾರ್ಟ್‌ಬ್ರೆಡ್ ಹಿಡಿದು ನೆರೆಮನೆಯ ಹೊಸ್ತಿಲು ತುಳಿಯುವ ಜನ. ಸಂಜೆ ಮಳೆಯಲ್ಲೇ ಬಂದು, ಬಟ್ಟೆಯಲ್ಲಿ ಸುತ್ತಿದ ಮರದ ಬಿಲ್ಲೆಯೊಂದನ್ನು ಕೈಗಿಟ್ಟರು. ಶಾರ್ಟ್‌ಬ್ರೆಡ್ ಅಚ್ಚು, ಅವರ ತಾಯಿಯದು. ನಡುವೆ ಈ ನಾಡಿನ ಮುಳ್ಳುಹೂವು, ಥಿಸಲ್. ಕೆತ್ತನೆಯ ಸಂದಿಯಲ್ಲಿ ಹಳೆಯ ಹಿಟ್ಟು ಇನ್ನೂ ಬೆಳ್ಳಗೆ ಕೂತಿತ್ತು. ನೀರಿನಲ್ಲಿ ನೆನೆಹಾಕುತ್ತೇನೆ, ಬಿಸಿ ಪಾಕ ಹೊಯ್ಯುತ್ತೇನೆ ಎಂದರೂ ಅವರು ಹಿಂಜರಿಯಲಿಲ್ಲ. "ನಿಮ್ಮ ತಾಯಿಯ ಹತ್ತಿರವೂ ಇವೆಯೇ?" ಎಂದಷ್ಟೇ ಕೇಳಿದರು.

ಇದ್ದವು. ಗಿಳಿ, ಆನೆ, ತುಳಸಿಕಟ್ಟೆ. ಅಮ್ಮ ರಾತ್ರಿಯೇ ನೆನೆಹಾಕಿ, ಬೆಳಗ್ಗೆ ಜೋಡಿಸಿ ದಾರ ಬಿಗಿದು ಸಾಲಾಗಿ ನಿಲ್ಲಿಸುತ್ತಿದ್ದಳು. ಒಡೆದ ಗಿಳಿಗಳೆಲ್ಲ ನನ್ನ ಪಾಲು. ಆಗಾಗ ಬೇಕೆಂದೇ ಒಡೆಯುತ್ತಿದ್ದಳೋ ಏನೋ. ನಾನು ಹೊರಟ ದಿನ ಅವನ್ನೆಲ್ಲ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಸೂಟ್‌ಕೇಸಿನ ಮೂಲೆಗೆ ತುರುಕಿದ್ದಳು. ತೂಕ ಒಂದು ಕಿಲೋ ಹೆಚ್ಚಾಯಿತು. ನಾನು ಹೊರಗೆ ತೆಗೆದದ್ದು ಅಚ್ಚುಗಳನ್ನು, ಶೂಗಳನ್ನಲ್ಲ. "ಇರಲಿ ಬಿಡು, ಅಲ್ಲಿ ಯಾರಿಗೆ ಬೀರುತ್ತೀಯ" ಎಂದು ಅಮ್ಮನೇ ನನ್ನ ಪರವಾಗಿ ವಾದಿಸಿದಳು.

ಮೊದಲೆರಡು ಸಲ ಪಾಕ ಅಂಟಿಕೊಂಡಿತು. ಮೂರನೆಯದು ಬಿಟ್ಟುಕೊಂಡಿತು, ಅಂಚಿನಲ್ಲಿ ಒಂದು ಎಲೆ ಮುರಿದು. ಮಗಳು ಆ ಚೂರನ್ನು ಬಾಯಿಗೆ ಹಾಕಿಕೊಂಡು ಅಜ್ಜಿಗೆ ವಿಡಿಯೊ ಕರೆ ಮಾಡಿದಳು. ಅಮ್ಮ ಕನ್ನಡಕ ಹಾಕಿಕೊಂಡು ಪರದೆಗೆ ಮುಖ ತಂದಳು.

"ಇದ್ಯಾವ ಹೂವೇ?"

"ಇಲ್ಲಿಯದು. ಪಕ್ಕದ ಮನೆಯವರ ಅಚ್ಚು."

"ಚೆನ್ನಾಗಿ ಎದ್ದಿದೆ," ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವನ್ನು ಹಿಂದಿನ ಬೀದಿಯ ಹುಡುಗಿಗೆ ಕೊಟ್ಟುಬಿಟ್ಟೆ ಕಣೇ, ಹುಳು ಹಿಡಿಯುತ್ತಿತ್ತು. ಆ ಅಜ್ಜಿಗೆ ಮೊದಲು ಬೀರಿ ಬಾ, ಕತ್ತಲಾಗುವುದರೊಳಗೆ."